ಡರ್ಬಿ ಕಾರು ಎಂದರೆ ಕವಚ ತೊಡಿಸಿದ ಕಾರಲ್ಲ

ಹಳೆಯ ಕಾರಿನ ಸುತ್ತ ದಪ್ಪ ಕಬ್ಬಿಣದ ಹಾಳೆ ಬಡಿದು, ಮುಂದೆ ಮೊನಚಾದ ಸಲಾಕೆಗಳನ್ನು ಬೆಸೆದ ವಾಹನದ ಚಿತ್ರ ಕಂಡರೆ ಸಾಕು, ಅದರ ಕೆಳಗೆ ‘ಡರ್ಬಿ ಕಾರು’ ಎಂದು ಬರೆಯುವ ರೂಢಿ ಈಚೆಗೆ ಬೆಳೆದಿದೆ. ಸಿನಿಮಾದ ಯುದ್ಧವಾಹನಕ್ಕೂ ಆಳೆತ್ತರದ ಚಕ್ರಗಳ ಮಾನ್‌ಸ್ಟರ್ ಟ್ರಕ್ಕಿಗೂ ಇದೇ ಹೆಸರು ಅಂಟಿಕೊಳ್ಳುತ್ತಿದೆ. ಈ ಪದಕ್ಕೆ ಅಷ್ಟು ಸಡಿಲವಾದ ಅರ್ಥವಿಲ್ಲ. ಅಮೆರಿಕದ ಕೌಂಟಿ ಜಾತ್ರೆಗಳಲ್ಲಿ, ನೀರು ಹಾಯಿಸಿ ಕೆಸರು ಮಾಡಿದ ಅಂಗಳದಲ್ಲಿ, ಕಾರುಗಳು ಬೇಕೆಂದೇ ಒಂದನ್ನೊಂದು ಗುದ್ದುವ ಡೆಮಾಲಿಷನ್ ಡರ್ಬಿ ಎಂಬ ಪಂದ್ಯಕ್ಕಾಗಿ, ಅದರ ನಿಯಮಾವಳಿಗೆ ಒಳಪಟ್ಟು ಸಿದ್ಧಪಡಿಸಿದ ಕಾರು ಮಾತ್ರ ಡರ್ಬಿ ಕಾರು.

ಡರ್ಬಿ ಎಂದೊಡನೆ ಬೆಂಗಳೂರಿನವರಿಗೆ ಟರ್ಫ್ ಕ್ಲಬ್ಬಿನ ಕುದುರೆ ಓಟ, ಕೋಲ್ಕತ್ತದವರಿಗೆ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯ ನೆನಪಾಗುವುದು ಸಹಜ. ಇಂಗ್ಲೆಂಡಿನ ಎಪ್ಸಮ್‌ನಲ್ಲಿ 1780ರಲ್ಲಿ ಮೊದಲ ಬಾರಿ ನಡೆದ ಕುದುರೆ ಓಟಕ್ಕೆ ಡರ್ಬಿಯ 12ನೆಯ ಅರ್ಲ್‌ನ ಹೆಸರು ಬಂತು. ಅಮೆರಿಕಕ್ಕೆ ದಾಟಿದ ಆ ಹೆಸರು 1875ರ ಕೆಂಟಕಿ ಡರ್ಬಿಯವರೆಗೆ ಕುದುರೆಯ ಜೊತೆಗೇ ಇತ್ತು, ಆಮೇಲೆ ಯಾರು ಬೇಕಾದರೂ ಇಳಿಯಬಹುದಾದ ಸ್ಪರ್ಧೆ ಎಂಬ ಅರ್ಥಕ್ಕೆ ಹಿಗ್ಗಿತು. ಚಕ್ರದ ಬೂಟು ತೊಟ್ಟು ಆಡುವ ರೋಲರ್ ಡರ್ಬಿ 1935ರಲ್ಲಿ ಶಿಕಾಗೊದಲ್ಲಿ ಆರಂಭವಾಯಿತು. ಗುದ್ದಾಟದ ಪಂದ್ಯವನ್ನು 1958ರಲ್ಲಿ ನ್ಯೂಯಾರ್ಕಿನ ಐಸ್ಲಿಪ್ ಸ್ಪೀಡ್‌ವೇನಲ್ಲಿ ನಡೆಸಿ ಜನಪ್ರಿಯಗೊಳಿಸಿದ ಶ್ರೇಯಸ್ಸು ಲ್ಯಾರಿ ಮೆಂಡೆಲ್‌ಸನ್ ಅವರಿಗೆ ಸಲ್ಲುತ್ತದೆ. ಬ್ರಿಟನ್ನಿನ ಬ್ಯಾಂಗರ್ ರೇಸಿಂಗ್ ಇದರ ಸೋದರಸಂಬಂಧಿಯೇ ಹೊರತು ಇದಲ್ಲ. ಅಲ್ಲಿ ಗುದ್ದಾಟವಿದ್ದರೂ ಸುತ್ತುಗಳ ಲೆಕ್ಕದ ಓಟವೇ ಮುಖ್ಯ.

ಗೊಂದಲದ ಬೇರು ‘ಮಾಡಿಫಿಕೇಶನ್’ ಎಂಬುದನ್ನು ‘ಗಟ್ಟಿ ಮಾಡುವುದು’ ಎಂದು ಓದಿಕೊಳ್ಳುವುದರಲ್ಲಿದೆ. ಪಂದ್ಯದಲ್ಲಿ ಗೆಲ್ಲುವುದು ಕಡಿಮೆ ಜಖಂ ಆದ ಕಾರಲ್ಲ, ಕೊನೆಯವರೆಗೂ ಚಲಿಸಬಲ್ಲ ಕಾರು. ಗೊತ್ತುಮಾಡಿದ ಅವಧಿಯೊಳಗೆ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ, ಎದುರಾಳಿಯನ್ನು ಗುದ್ದದೆ ನಿಂತ ಕಾರು ಪಂದ್ಯದಿಂದ ಹೊರಬೀಳುತ್ತದೆ. ಆದ್ದರಿಂದ ಬಾಡಿ ಮುದ್ದೆಯಾದರೂ ಎಂಜಿನ್ ಉರಿಯುತ್ತಿರಬೇಕು, ಹಿಂದಿನ ಚಕ್ರಗಳು ತಿರುಗುತ್ತಿರಬೇಕು, ಒಳಗಿನ ಮನುಷ್ಯ ಕ್ಷೇಮವಾಗಿರಬೇಕು. ಮಾರ್ಪಾಡುಗಳೆಲ್ಲ ಈ ಮೂರಕ್ಕಾಗಿಯೇ ಇವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಸೇರಿಸುವ ಕೆಲಸಗಳಲ್ಲ, ತೆಗೆಯುವ ಮತ್ತು ಸ್ಥಳ ಬದಲಿಸುವ ಕೆಲಸಗಳು. ಗಾಜು, ದೀಪ, ಪ್ಲಾಸ್ಟಿಕ್ಕು, ಏರ್‌ಬ್ಯಾಗು, ಹಿಂದಿನ ಸೀಟು, ಒಳಗಿನ ಬಟ್ಟೆಯ ಹೊದಿಕೆ ಎಲ್ಲವೂ ಮೊದಲ ದಿನವೇ ಹೊರಬರುತ್ತವೆ. ಬೆಂಕಿ ಬಿದ್ದರೆ ನಂದಿಸುವವರಿಗೆ ದಾರಿಯಾಗಲೆಂದು ಬಾನೆಟ್ಟಿನಲ್ಲಿ ದೊಡ್ಡ ರಂಧ್ರ ಕೊರೆಯುತ್ತಾರೆ.

ಸ್ಥಳ ಬದಲಿಸುವುದರಲ್ಲಿ ಪೆಟ್ರೋಲ್ ಟ್ಯಾಂಕಿನದೇ ಮೊದಲ ಸರದಿ. ಹಳೆಯ ಅಮೆರಿಕನ್ ಸೆಡಾನ್‌ಗಳಲ್ಲಿ ಅದು ಹಿಂಭಾಗದಲ್ಲಿ, ಡಿಕ್ಕಿಯ ಬಳಿ ಇರುತ್ತದೆ. ಆದರೆ ಡರ್ಬಿ ಚಾಲಕನು ರೇಡಿಯೇಟರನ್ನು ಉಳಿಸಿಕೊಳ್ಳಲು ಬಹುಪಾಲು ಹಿಮ್ಮುಖವಾಗಿ ಓಡಿಸಿ ಕಾರಿನ ಹಿಂಭಾಗದಿಂದಲೇ ಗುದ್ದುವುದರಿಂದ ಟ್ಯಾಂಕು ಅಲ್ಲಿರುವಂತಿಲ್ಲ. ಅದನ್ನು ಕಿತ್ತು, ಹಿಂದಿನ ಸೀಟಿದ್ದ ಜಾಗದಲ್ಲಿ ದೋಣಿಯ ಎಂಜಿನ್ನಿಗೆ ಬಳಸುವಂಥ ಸಣ್ಣ ಟ್ಯಾಂಕನ್ನು ಭದ್ರವಾಗಿ ಬಿಗಿಯುತ್ತಾರೆ. ಬ್ಯಾಟರಿ ಎಡಗೈ ಚಾಲನೆಯ ಆ ಕಾರುಗಳಲ್ಲಿ ಬಲಬದಿಯ ಸೀಟಿನ ಕಾಲಡಿಗೆ ಬಂದು ಕೂರುತ್ತದೆ. ಸೈಲೆನ್ಸರ್ ಕೊಳವೆ ಕಾರಿನಡಿ ಜಜ್ಜಿಹೋದರೆ ಎಂಜಿನ್ನಿನ ಉಸಿರುಕಟ್ಟುತ್ತದೆಯಾದ್ದರಿಂದ ಹೊಗೆಯನ್ನು ಬಾನೆಟ್ಟಿನ ಮೂಲಕ ನೇರ ಮೇಲಕ್ಕೆ ಬಿಡುತ್ತಾರೆ. ಆ ಕೊಳವೆಗಳು ಆಡಂಬರಕ್ಕೆಂದು ಬರೆಯುವವರು ಇದನ್ನು ಗಮನಿಸಬೇಕು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಕಾರ್ಖಾನೆಯ ವ್ಯವಸ್ಥೆಯಲ್ಲಿ ರೇಡಿಯೇಟರಿನೊಳಗೇ ಹಾದು ತಣಿಯುವುದರಿಂದ, ರೇಡಿಯೇಟರ್ ಒಡೆದರೆ ಗೇರ್‌ಬಾಕ್ಸೂ ಅದರ ಹಿಂದೆಯೇ ಹೋಗುತ್ತದೆ. ಅದಕ್ಕಾಗಿ ಎಣ್ಣೆಗೆ ಪ್ರತ್ಯೇಕ ಕೂಲರ್ ಇಡುತ್ತಾರೆ. ಷೆವ್ರೊಲೆಯ ಹಳೆಯ ವಿ8 ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಹಿಂತುದಿಯಲ್ಲಿ, ಚಾಲಕನ ಮುಂದಿನ ತಗಡಿನ ಗೋಡೆಗೆ ಒತ್ತಿದಂತೆ ಇರುತ್ತದೆ. ಮುಂಭಾಗಕ್ಕೆ ಒಂದು ಬಲವಾದ ಗುದ್ದು ಬಿದ್ದು ಎಂಜಿನ್ ಹಿಂದಕ್ಕೆ ಸರಿದರೆ ಅದರ ಮುಚ್ಚಳ ಬಿರಿದು, ಉಳಿದದ್ದೆಲ್ಲ ಸರಿಯಿದ್ದರೂ ಕಾರು ನಿಂತುಹೋಗುತ್ತದೆ. ನಿಯಮ ಅವಕಾಶ ಕೊಟ್ಟಲ್ಲಿ ಅದರ ಸುತ್ತ ಉಕ್ಕಿನ ಕಾವಲು ಕಟ್ಟುವುದು ಇದಕ್ಕಾಗಿ.

ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚಿ, ತಿರುವಿನಲ್ಲಿ ಅವು ಬೇರೆಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಜೋಡಣೆ, ಇದರ ಬಗ್ಗೆ ಬರುವ ತಪ್ಪನ್ನಂತೂ ಬಿಡಿಸಿಯೇ ಹೇಳಬೇಕು. ‘ಡರ್ಬಿ ಕಾರಿಗೆ ಡಿಫರೆನ್ಷಿಯಲ್ ಲಾಕ್ ಹಾಕುತ್ತಾರೆ’ ಎಂಬ ವಾಕ್ಯ ಮತ್ತೆಮತ್ತೆ ಕಾಣುತ್ತದೆ. ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸಿದವರಿಗೆ ಲಾಕ್ ಏನೆಂದು ಗೊತ್ತು: ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತತೊಡಗಿದಾಗ ಕಾಲಿನಿಂದ ಪೆಡಲ್ ಒತ್ತಿದರೆ ಎರಡೂ ಚಕ್ರಗಳು ಒಟ್ಟಿಗೆ ತಿರುಗಿ ಗಾಡಿ ಮೇಲೇಳುತ್ತದೆ, ತಿರುಗಿಸುವ ಮೊದಲು ಅದನ್ನು ಬಿಡಿಸಬೇಕು. ಡರ್ಬಿ ಕಾರಿನಲ್ಲಿ ಒತ್ತುವುದೂ ಇಲ್ಲ, ಬಿಡಿಸುವುದೂ ಇಲ್ಲ. ಸಾಧಾರಣ ಡಿಫರೆನ್ಷಿಯಲ್ ಎರಡು ಚಕ್ರಗಳಿಗೂ ಸಮನಾದ ತಿರುಚು ಬಲವನ್ನು ಕೊಡುತ್ತದೆ. ಜಾರುತ್ತಿರುವ ಚಕ್ರವನ್ನು ತಿರುಗಿಸಲು ಎಷ್ಟು ಅಲ್ಪ ಬಲ ಸಾಕೋ, ಹಿಡಿತವಿರುವ ಚಕ್ರಕ್ಕೂ ಅಷ್ಟೇ ದಕ್ಕುತ್ತದೆ. ಕೆಸರಿನ ಅಂಗಳದಲ್ಲಿ, ಅದರಲ್ಲೂ ಗುದ್ದಾಟದಲ್ಲಿ ಒಂದು ಚಕ್ರ ಇನ್ನೊಂದು ಕಾರಿನ ಮೇಲೇರಿ ಗಾಳಿಯಲ್ಲಿ ನಿಂತಾಗ, ಇದು ಸೋಲಿಗೆ ಸಮ. ಹಾಗಾಗಿ ಹಿಂದಿನ ಆಕ್ಸಲಿನ ಹೌಸಿಂಗ್ ಮುಚ್ಚಳ ಬಿಚ್ಚಿ, ಎಣ್ಣೆ ಬಸಿದು, ಒಳಗಿನ ಸಣ್ಣ ಗೇರುಗಳನ್ನು ಪಸೆಯಿಲ್ಲದಂತೆ ತೊಳೆದು, ಅವು ಮುಂದೆಂದೂ ಒಂದರ ಮೇಲೊಂದು ಉರುಳದಂತೆ ಒಟ್ಟಿಗೆ ವೆಲ್ಡ್ ಮಾಡುತ್ತಾರೆ. ಜಿಡ್ಡು ಉಳಿದಲ್ಲಿ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ, ಹಿಡಿಯದ ಬೆಸುಗೆ ಮೊದಲ ಗುದ್ದಿಗೇ ಬಿಡುತ್ತದೆ. ಇಂಥ ಕಾರನ್ನು ಡಾಂಬರು ರಸ್ತೆಯಲ್ಲಿ ತಿರುಗಿಸಿದರೆ ಟೈರು ಸವೆದು ಆಕ್ಸಲ್ ನರಳುತ್ತದೆ; ಕೆಸರಿನಲ್ಲಿ ಟೈರು ಜಾರುವುದರಿಂದ ಆ ತೊಂದರೆಯಿಲ್ಲ. ಇದನ್ನು ‘ವೆಲ್ಡ್ ಮಾಡಿದ ಡಿಫರೆನ್ಷಿಯಲ್’ ಎನ್ನಬೇಕು, ಲಾಕ್ ಎನ್ನಬಾರದು.

ಹಾಗಾದರೆ ಬಾಡಿಯನ್ನು ಬಲಪಡಿಸುವುದೇ ಇಲ್ಲವೇ ಎಂದರೆ, ಬಲಪಡಿಸುವ ಆಸೆ ಪ್ರತಿಯೊಬ್ಬ ಸ್ಪರ್ಧಿಗೂ ಇರುತ್ತದೆ, ನಿಯಮಾವಳಿ ಅದನ್ನು ತಡೆಯುತ್ತದೆ. ನಮ್ಮ ಬೊಲೆರೊದಂತೆ ಚಾಸಿಯ ಮೇಲೆ ಬಾಡಿ ಕೂರಿಸಿದ ದೊಡ್ಡ ಸೆಡಾನ್‌ಗಳಿಗೆ, 2011ರವರೆಗೆ ತಯಾರಾದ ಫೋರ್ಡ್ ಕ್ರೌನ್ ವಿಕ್ಟೋರಿಯಾದಂಥವಕ್ಕೆ, ಬೇಡಿಕೆಯಿರುವುದು ನಿಜ. ಆದರೆ 1960ರ ದಶಕದ ಕ್ರೈಸ್ಲರ್ ಇಂಪೀರಿಯಲ್ ವಿಪರೀತ ಗಟ್ಟಿಯೆಂಬ ಕಾರಣಕ್ಕೇ ಅನೇಕ ಪಂದ್ಯಗಳಲ್ಲಿ ಹೆಸರು ಹಿಡಿದು ನಿಷೇಧಕ್ಕೊಳಗಾಗಿದೆ. ಬಗ್ಗದ ಕಾರು ಗುದ್ದಿನ ಬಲವನ್ನು ತಾನು ನುಂಗಿಕೊಳ್ಳದೆ ಇಬ್ಬರು ಚಾಲಕರ ಕುತ್ತಿಗೆಗೂ ಬೆನ್ನಿಗೂ ದಾಟಿಸುತ್ತದೆ. ‘ಸ್ಟಾಕ್’ ವರ್ಗದಲ್ಲಿ ಕಾರ್ಖಾನೆಯಿಂದ ಬಂದ ಚಾಸಿಯನ್ನು ಮುಟ್ಟುವಂತಿಲ್ಲ; ವೆಲ್ಡಿಂಗ್ ವರ್ಗಗಳಲ್ಲೂ ಎಲ್ಲಿ, ಎಷ್ಟು ಉದ್ದ ಬೆಸೆಯಬಹುದೆಂದು ಬರೆದಿರುತ್ತಾರೆ. ಚಾಸಿಯ ಪೊಳ್ಳಿನೊಳಗೆ ಉಕ್ಕು ತುರುಕಿದ ಅನುಮಾನ ಬಂದರೆ ತಪಾಸಕರು ರಂಧ್ರ ಕೊರೆದು ನೋಡುತ್ತಾರೆ. ಆದ್ದರಿಂದ ಬಲ್ಲ ಮೆಕ್ಯಾನಿಕ್ಕನು ಕಾರು ಬಗ್ಗದಂತೆ ಮಾಡಲು ಹೊರಡುವುದಿಲ್ಲ, ಎತ್ತ ಬಗ್ಗಬೇಕೆಂದು ಯೋಚಿಸುತ್ತಾನೆ. ಡಿಕ್ಕಿ ಕೆಳಮುಖವಾಗಿ ಮಡಚಿಕೊಂಡರೆ ತಗಡು ಟೈರಿಗೆ ಕಚ್ಚಿ ಚಕ್ರ ನಿಲ್ಲುತ್ತದೆ, ಮೇಲ್ಮುಖವಾಗಿ ಮಡಚಿಕೊಂಡರೆ ಓಟ ಸಾಗುತ್ತದೆ. ಚಕ್ರದ ಮೇಲಿನ ಮಡ್‌ಗಾರ್ಡನ್ನು ಅಗಲವಾಗಿ ಕತ್ತರಿಸಿ ತೆಗೆಯುವುದೂ ಇದೇ ಲೆಕ್ಕಾಚಾರದಿಂದ.

ಬಲಪಡಿಸಲು ಎಲ್ಲ ವರ್ಗಗಳೂ ಒಪ್ಪುವ ಜಾಗವೆಂದರೆ ಚಾಲಕನ ಸುತ್ತಲಿನದು. ಸೀಟಿನ ಹಿಂದೆ ಒಂದು ಅಡ್ಡ ಸರಳು, ಡ್ಯಾಶ್‌ಬೋರ್ಡಿನ ಬಳಿ ಇನ್ನೊಂದು, ಎರಡನ್ನೂ ಬಾಗಿಲುಗಳ ಉದ್ದಕ್ಕೆ ಸೇರಿಸುವ ಕೊಳವೆಗಳು ಮತ್ತು ಚಾಲಕನ ಬಾಗಿಲಿಗೆ ಹೊರಗಿನಿಂದ ಉಕ್ಕಿನ ಹಲಗೆ. ಈ ಸರಳುಗಳನ್ನು ಚಾಸಿಯವರೆಗೆ ಇಳಿಸಿ ಬೆಸೆದರೆ ಅವು ಕಾರನ್ನೇ ಗಟ್ಟಿ ಮಾಡುತ್ತವೆಂದು ಅನೇಕ ನಿಯಮಾವಳಿಗಳು ಅದಕ್ಕೂ ತಡೆ ಹಾಕಿವೆ. ಚಾಲಕನ ಬಾಗಿಲಿಗೆ ಎದ್ದುಕಾಣುವ ಬಣ್ಣ, ಹಲವೆಡೆ ಬಿಳಿ, ಬಳಿದಿರುತ್ತಾರೆ. ಆ ಬಾಗಿಲಿಗೆ ಬೇಕೆಂದು ಗುದ್ದಿದವನು ಅಲ್ಲಿಗೆ ಅನರ್ಹ.