ಎಂಆರ್‌ಐನಲ್ಲಿ ಮೆನಿಸ್ಕಸ್ ಹರಿದಿದೆ ಅಂತ ಬಂದರೆ ಆಪರೇಷನ್ ಆಗಲೇಬೇಕಾ?

ಪ್ರಶ್ನೆ: ನನಗೆ 52 ವರ್ಷ. ದಿನಾ ಬೆಳಗ್ಗೆ ವಾಕಿಂಗ್ ಹೋಗುತ್ತೇನೆ. ಐದಾರು ತಿಂಗಳಿಂದ ಎಡ ಮಂಡಿಯ ಒಳಬದಿ ನೋಯುತ್ತಿದೆ. ಬಿದ್ದಿಲ್ಲ, ಪೆಟ್ಟೂ ಆಗಿಲ್ಲ. ಎಂಆರ್‌ಐ ಮಾಡಿಸಿದರೆ ಮೆನಿಸ್ಕಸ್ ಹರಿದಿದೆ ಅಂತ ಬಂತು. ಸಣ್ಣ ತೂತು ಮಾಡಿ ಹರಿದ ಭಾಗ ಕತ್ತರಿಸುವ ಕೀಹೋಲ್ ಆಪರೇಷನ್ ಮಾಡಿಸಿಕೊಳ್ಳಲೇ?

ಉತ್ತರ: ಅವಸರ ಬೇಡ. ನೀವು ಹೇಳಿದ ಲಕ್ಷಣಗಳಷ್ಟೇ ಇದ್ದರೆ ಮೊದಲು ಹಿಡಿಯಬೇಕಾದ ದಾರಿ ವ್ಯಾಯಾಮ.

ಮೆನಿಸ್ಕಸ್ ಅಂದರೆ ಮಂಡಿಯೊಳಗೆ ಎರಡು ಮೂಳೆಗಳ ನಡುವೆ ಕೂತಿರುವ ಮೆತ್ತೆ. ಬಿದಿಗೆ ಚಂದ್ರನ ಆಕಾರ. ಒಂದೊಂದು ಮಂಡಿಯಲ್ಲೂ ಎರಡೆರಡು. ವಯಸ್ಸಾದಂತೆ ಇದು ಹಳೇ ಪಂಚೆಯ ಅಂಚಿನ ಹಾಗೆ ಎಳೆ ಬಿಡುತ್ತದೆ. ರಿಪೋರ್ಟಿನಲ್ಲಿ ಅದನ್ನೂ ‘ಹರಿದಿದೆ’ ಅಂತಲೇ ಬರೆಯುತ್ತಾರೆ. ಓದಿದವರಿಗೆ ಎದೆ ಧಸಕ್ಕೆನ್ನುತ್ತದೆ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 50ರಿಂದ 90 ವರ್ಷದ 991 ಜನರ ಮಂಡಿಗೆ ಎಂಆರ್‌ಐ ಮಾಡಿದರು. ನೋವಿದೆಯೋ ಇಲ್ಲವೋ ನೋಡಿ ಆರಿಸಿದವರಲ್ಲ. 2008ರಲ್ಲಿ ಬಂದ ಫಲಿತಾಂಶ ನೋಡಿ: ಮೆನಿಸ್ಕಸ್ ಹರಿದಿದ್ದವರಲ್ಲಿ 100ಕ್ಕೆ 61 ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ನೋವೂ ಇರಲಿಲ್ಲ, ಬಿಗಿತವೂ ಇರಲಿಲ್ಲ. ಹಾಗಾದರೆ ನಿಮ್ಮ ನೋವಿಗೆ ಆ ಹರಿದ ತುದಿಯೇ ಕಾರಣ ಅಂತ ಹೇಳುವುದು ಹೇಗೆ?

ಇದನ್ನು ಪರೀಕ್ಷಿಸಲು ಫಿನ್‌ಲ್ಯಾಂಡಿನ ವೈದ್ಯರು ಧೈರ್ಯದ ಕೆಲಸ ಮಾಡಿದರು. 35ರಿಂದ 65 ವರ್ಷದ 146 ಜನ, ಎಲ್ಲರೂ ನಿಮ್ಮ ಹಾಗೆ ಪೆಟ್ಟಾಗದೆ ಮಂಡಿ ನೋವು ಬಂದವರು. ಎಲ್ಲರ ಒಪ್ಪಿಗೆ ಮೊದಲೇ ಪಡೆದಿದ್ದರು. ಮೊದಲು ಎಲ್ಲರ ಮಂಡಿಯೊಳಗೂ ಕ್ಯಾಮೆರಾ ಇಳಿಸಿ ನೋಡಿದರು. ಆಮೇಲೆ ಒಂದು ಲಕೋಟೆ ಒಡೆದರು. ಅದರಲ್ಲಿ ಬರೆದ ಪ್ರಕಾರ ಅರ್ಧದಷ್ಟು ಜನರಿಗೆ ಹರಿದ ಭಾಗ ಕತ್ತರಿಸಿದರು. ಉಳಿದವರಿಗೆ ಬರೀ ನಟನೆ! ಸರ್ಜನ್ ಎಲ್ಲ ಉಪಕರಣ ಕೇಳಿ ಪಡೆದರು, ಕಾಲನ್ನು ಅತ್ತಿತ್ತ ಮಡಚಿದರು, ಕತ್ತರಿಸುವ ಯಂತ್ರವನ್ನು ಬ್ಲೇಡಿಲ್ಲದೆ ಹೊರಗಿನಿಂದ ಮಂಡಿ ಚಿಪ್ಪಿಗೆ ಒತ್ತಿ ಓಡಿಸಿದರು. ನಿಜವಾದ ಆಪರೇಷನ್‌ಗೆ ಬೇಕಾಗುವಷ್ಟು ಹೊತ್ತು ರೋಗಿಯನ್ನು ಟೇಬಲ್ ಮೇಲೇ ಇಟ್ಟುಕೊಂಡರು.

ಒಂದು ವರ್ಷದ ನಂತರ ಎರಡೂ ಗುಂಪಿನವರ ನೋವು ಚೆನ್ನಾಗಿಯೇ ಇಳಿದಿತ್ತು. ಹೆಚ್ಚು ಕಡಿಮೆ ಒಂದೇ ಅಳತೆಗೆ. ಇದು ಪ್ರಕಟವಾದದ್ದು 2013ರಲ್ಲಿ. ನೋವು ಇಳಿದದ್ದು ಸುಳ್ಳಲ್ಲ, ಆದರೆ ಕತ್ತರಿಸಿದ್ದರಿಂದ ಇಳಿದದ್ದಲ್ಲ. ಆಪರೇಷನ್ ಆದವರು ‘ನನಗೆ ಗುಣವಾಯಿತು’ ಅಂದಾಗ ಅವರು ನಿಜವನ್ನೇ ಹೇಳುತ್ತಿರುತ್ತಾರೆ. ಈ ವಿಷಯ ನಮ್ಮಲ್ಲಿ ಇನ್ನೂ ಜಾಸ್ತಿ ಜನರಿಗೆ ತಿಳಿಯಬೇಕು.

ಹಾಗಂತ ಎಲ್ಲರಿಗೂ ಇದೇ ಮಾತು ಅನ್ವಯಿಸುವುದಿಲ್ಲ. ಕಬಡ್ಡಿ ಆಡುವಾಗ ಕಾಲು ತಿರುಚಿಕೊಂಡ ಹುಡುಗನ ಕಥೆ ಬೇರೆ. ಮಂಡಿ ಸಿಕ್ಕಿಕೊಂಡು ಪೂರ್ತಿ ಚಾಚಲಿಕ್ಕೇ ಬರದಿದ್ದರೆ ಕೂಡಲೇ ಮೂಳೆ ಡಾಕ್ಟರನ್ನು ಕಾಣಿ. ಅಂಥ ಕಡೆ ಹೊಲಿಗೆ ಹಾಕಿ ಮೆನಿಸ್ಕಸ್ ಉಳಿಸಲೂ ಸಾಧ್ಯ. ಜ್ವರದ ಜೊತೆ ಮಂಡಿ ಕೆಂಪಾಗಿ ಊದಿದರೆ ಒಂದು ದಿನವೂ ಕಾಯಬೇಡಿ.

ನಾರ್ವೆಯಲ್ಲಿ 140 ಜನರ ಮೇಲೆ 12 ವಾರಗಳ ವ್ಯಾಯಾಮವನ್ನು ಇದೇ ಆಪರೇಷನ್ ಜೊತೆ ಹೋಲಿಸಿದರು. ಎರಡು ವರ್ಷದ ನಂತರ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮೂರನೇ ತಿಂಗಳಲ್ಲಿ ತೊಡೆಯ ಬಲ ಮಾತ್ರ ವ್ಯಾಯಾಮ ಮಾಡಿದವರಲ್ಲೇ ಜಾಸ್ತಿ ಇತ್ತು. ಕೆಲವರು ಆಮೇಲೆ ಆಪರೇಷನ್ ಮಾಡಿಸಿಕೊಂಡರು, ಆ ಬಾಗಿಲು ನಿಮಗೂ ತೆರೆದೇ ಇರುತ್ತದೆ.

ಫಿಸಿಯೋ ಹತ್ತಿರ ಹೋದರೆ ಬಹುಶಃ ಟವೆಲ್‌ನಿಂದಲೇ ಶುರು ಮಾಡಿಸುತ್ತಾರೆ. ಕಾಲು ಚಾಚಿ ಕೂತು, ಟವೆಲ್ ಸುತ್ತಿ ಮಂಡಿಯ ಕೆಳಗೆ ಇಡಿ. ಮಂಡಿಯಿಂದ ಅದನ್ನು ಕೆಳಕ್ಕೆ ಒತ್ತಿ, ಐದು ಎಣಿಸಿ ಬಿಡಿ. ತೊಡೆಯ ಮೇಲೆ ಕೈಯಿಟ್ಟರೆ ಸ್ನಾಯು ಗಟ್ಟಿಯಾಗುವುದು ಗೊತ್ತಾಗಬೇಕು. ಆಮೇಲೆ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ವಾಕಿಂಗ್ ಬಿಡಬೇಡಿ, ದೂರ ಕಡಿಮೆ ಮಾಡಿ. ಮಾರನೇ ದಿನ ಮಂಡಿ ಊದಿಕೊಂಡರೆ ಇನ್ನೂ ಸ್ವಲ್ಪ ಕಡಿಮೆ ಮಾಡಿ ನೋಡಿ.