ಬಳಕೆ ಶೇ. 29 ಮಾತ್ರ, ಆದರೂ ‘ಸರ್ವರ್ ಬ್ಯುಸಿ’ ಯಾಕೆ?

ಪ್ರಶ್ನೆ: ತಿಂಗಳ ವರದಿಯಲ್ಲಿ ನಮ್ಮ ಇಲಾಖೆಯ ಸರ್ವರ್‌ನ ಸಿಪಿಯು ಬಳಕೆ ಶೇ. 29. ಮುಕ್ಕಾಲು ಪಾಲು ಖಾಲಿ ಉಂಟಲ್ಲ? ಮತ್ತೆ ಬೆಳಿಗ್ಗೆ ಹನ್ನೊಂದಕ್ಕೆ ಕೌಂಟರಿನಲ್ಲಿ ಜನ ಕಾಯುವುದು ಯಾಕೆ? (ಮಂಗಳೂರಿನಿಂದ)

ಉತ್ತರ: ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ತಪ್ಪಿದೆ. ಖಾಲಿ ಇರುವುದು ರಾತ್ರಿ, ಮಾರಾಯ್ರೆ! ಹತ್ತೂವರೆಯಿಂದ ಒಂದೂವರೆವರೆಗೆ ಶೇ. 90, ಉಳಿದ 21 ಗಂಟೆ ಶೇ. 20 ಎಂದಿಟ್ಟುಕೊಳ್ಳಿ. ದಿನದ ಸರಾಸರಿ 28.75. ನಡುರಾತ್ರಿ ನಂತೂರು ಸರ್ಕಲ್ ಖಾಲಿ ಎಂದು ಬೆಳಿಗ್ಗೆ ಒಂಬತ್ತರ ಜಾಮ್ ಕರಗುತ್ತದೆಯೆ?

‘ಶೇ. 90 ಆದರೂ ಇನ್ನೂ 10 ಉಳಿಯಿತಲ್ಲ’ ಎನ್ನುವವರೂ ಇದ್ದಾರೆ. ಅರ್ಜಿಗಳು ಗಡಿಯಾರ ನೋಡಿಕೊಂಡು ಒಂದೊಂದಾಗಿ ಬರುವುದಿಲ್ಲ, ಗುಂಪಾಗಿ ಬಂದು ಬೀಳುತ್ತವೆ. ಒಂದೇ ಪ್ರೊಸೆಸರ್ (ಅದೇ ಸಿಪಿಯು) ಇದ್ದರೆ ಸ್ಥೂಲ ಲೆಕ್ಕ ಇಷ್ಟೆ: ಕೆಲಸಕ್ಕೆ ಬೇಕಾದ ಸಮಯವನ್ನು ಖಾಲಿ ಇರುವ ಪಾಲಿನಿಂದ ಭಾಗಿಸಿ. ಒಂದು ಪ್ರಮಾಣಪತ್ರಕ್ಕೆ ಅರ್ಧ ಸೆಕೆಂಡ್ ಸಾಕಾದರೆ, ಶೇ. 50ರಲ್ಲಿ ಅದು 1 ಸೆಕೆಂಡ್, 80ರಲ್ಲಿ ಎರಡೂವರೆ, 90ರಲ್ಲಿ 5, 95ರಲ್ಲಿ 10. 90ರಿಂದ 95ಕ್ಕೆ, ಬರೀ ಐದು ಅಂಕಕ್ಕೆ ಕಾಯುವಿಕೆ ಇಮ್ಮಡಿ! ಪ್ರೊಸೆಸರ್‌ನೊಳಗೆ ಏಕಕಾಲಕ್ಕೆ ಕೆಲಸ ಮಾಡುವ ಕೋರ್‌ಗಳು ಹೆಚ್ಚಿದ್ದರೆ ಏರಿಕೆ ತಡವಾಗಿ ಶುರುವಾಗುತ್ತದೆ, ಶುರುವಾದ ಮೇಲೆ ಗೋಡೆಯ ಹಾಗೆ ನೆಟ್ಟಗೆ.

ಆದ್ದರಿಂದ ತಿಂಗಳ ಸರಾಸರಿ ಬಿಡಿ, ದಟ್ಟಣೆಯ ಗಂಟೆ ನೋಡಿ. ಲಿನಕ್ಸ್‌ನಲ್ಲಿ ಬಳಕೆಯನ್ನು ಅಳೆದು ದಾಖಲಿಸುವ ಸಿಸ್‌ಸ್ಟ್ಯಾಟ್, ನಾವು ಬೇರೆ ಹೇಳದಿದ್ದರೆ, 10 ನಿಮಿಷಕ್ಕೊಮ್ಮೆ ಅಳೆಯುತ್ತದೆ. 1 ನಿಮಿಷಕ್ಕೆ ಇಳಿಸಿ. ದಾಖಲೆ 13 ತಿಂಗಳು ಉಳಿಸಿ, ಇಲ್ಲವಾದರೆ ಈ ಜೂನನ್ನು ಹೋದ ಜೂನಿನ ಪಕ್ಕ ಇಟ್ಟು ನೋಡಲಾಗದು.

ಸಿಪಿಯು ನಿಜಕ್ಕೂ ಖಾಲಿ ಇದ್ದೂ ಕೆಲಸ ಸಾಗದಿದ್ದರೆ ಡೇಟಾಬೇಸ್‌ಗೆ ಒಂದೇ ಸಲ ತೆರೆಯಬಹುದಾದ ಕನೆಕ್ಷನ್‌ಗಳ ಮಿತಿ ನೋಡಿ. 50 ಕನೆಕ್ಷನ್, ಪ್ರತಿ ಕೋರಿಕೆ ಒಂದನ್ನು 2 ಸೆಕೆಂಡ್ ಹಿಡಿದಿಟ್ಟರೆ ಸೆಕೆಂಡಿಗೆ 25ಕ್ಕಿಂತ ಹೆಚ್ಚು ದಾಟುವುದಿಲ್ಲ. ಅಲ್ಲಿ ಹೊಸ ಸರ್ವರ್ ತಂದರೂ ಸಾಲು ಹಾಗೇ. ಆ 2 ಸೆಕೆಂಡ್ ತಿನ್ನುವ ಕ್ವೆರಿಗೆ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ) ಇಂಡೆಕ್ಸ್, ಅಂದರೆ ಬೇಗ ಹುಡುಕಲು ಪುಸ್ತಕದ ಪದಸೂಚಿಯಂಥದ್ದು, ಉಂಟಾ ಎಂದು ಮೊದಲು ನೋಡಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಖರೀದಿಯ ಕಡತ ಏಳಬೇಕಾದ್ದು ಯಾವಾಗ? ದಟ್ಟಣೆಯ ಗಂಟೆಯ ಬಳಕೆ ಈಗ ಶೇ. 55, ಪ್ರತಿ ತಿಂಗಳು ಹಿಂದಿನ ತಿಂಗಳಿಗಿಂತ ಶೇ. 3ರಷ್ಟು ಏರಿಕೆ ಎಂದರೆ 8 ತಿಂಗಳಲ್ಲಿ 70ರ ಹತ್ತಿರ. ಮೇಲಿನ ಲೆಕ್ಕದ 80, 90 ಮುಟ್ಟುವ ಮೊದಲೇ, ಅಂದರೆ ಅಷ್ಟರಲ್ಲೇ ಹೊಸ ಸರ್ವರ್ ಬಂದಿರಬೇಕು ಎಂದಿಟ್ಟುಕೊಳ್ಳಿ. ಟೆಂಡರ್, ಸರಬರಾಜು, ಅಳವಡಿಕೆಗೆ ಆರು ತಿಂಗಳು ಹಿಡಿದರೆ ಕಡತಕ್ಕೆ ಉಳಿಯುವುದು ಎರಡೇ ತಿಂಗಳು. ಮಾರ್ಚ್ ಕೊನೆಯಲ್ಲಿ ಅನುದಾನ ಮುಗಿಸಲೆಂದು ತಂದ ಸರ್ವರ್‌ಗೆ ಈ ಲೆಕ್ಕ ಗೊತ್ತಿರುವುದಿಲ್ಲ.