ಅಕ್ಯುಪಂಕ್ಚರ್‌ಗೆ ಹೋಗುವಾಗ ಮಾತ್ರೆ ನಿಲ್ಲಿಸಬೇಕೇ, ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ?

ಪ್ರಶ್ನೆ: ಅಮ್ಮನಿಗೆ 62 ವರ್ಷ. ಎರಡೂ ಮಂಡಿ ಸವೆದಿವೆ ಎಂದು ಎಕ್ಸ್‌ರೇ ನೋಡಿ ಹೇಳಿದ್ದಾರೆ. ಶುಗರ್, ಬಿಪಿ ಎರಡೂ ಇವೆ, ದಿನಾ ಎಕೋಸ್ಪ್ರಿನ್ 75 ತೆಗೆದುಕೊಳ್ಳುತ್ತಾರೆ. ಮುಂದಿನ ವಾರದಿಂದ ಅಕ್ಯುಪಂಕ್ಚರ್ ಶುರು ಮಾಡಬೇಕೆಂದಿದ್ದೇವೆ. ರಕ್ತ ತೆಳುವಾಗಿಸುವ ಮಾತ್ರೆ ನಾಲ್ಕು ದಿನ ಮೊದಲೇ ನಿಲ್ಲಿಸಿ, ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ ಎಂದು ಗೊತ್ತಿದ್ದವರು ಹೇಳುತ್ತಿದ್ದಾರೆ. ಹೋಗುವ ಮುಂಚೆ ಏನು ಮಾಡಬೇಕು? ಬಂದ ಮೇಲೆ ಏನೇನಾಗಬಹುದು?

ಉತ್ತರ: ಮಾತ್ರೆ ನಿಲ್ಲಿಸುವುದೂ ಬೇಡ, ಖಾಲಿ ಹೊಟ್ಟೆಯೂ ಬೇಡ. ನಿಮ್ಮ ಅಮ್ಮನಂಥವರಿಗೆ ಸೂಜಿಗಿಂತ ಹೆಚ್ಚು ಅಪಾಯ ಇರುವುದೇ ಈ ಎರಡು ಸಲಹೆಗಳಲ್ಲಿ.

ಅಕ್ಯುಪಂಕ್ಚರ್ ಸೂಜಿ ಸಾಮಾನ್ಯವಾಗಿ 0.16ರಿಂದ 0.30 ಮಿ.ಮೀ. ದಪ್ಪ. ರಕ್ತ ಪರೀಕ್ಷೆಗೆ ಚುಚ್ಚುವ ಸೂಜಿ ಇದರ ಎರಡು ಮೂರು ಪಟ್ಟು ದಪ್ಪವಿರುತ್ತದೆ, ಒಳಗೆ ಟೊಳ್ಳು ಬೇರೆ. ಎಕೋಸ್ಪ್ರಿನ್ ತೆಗೆದುಕೊಳ್ಳುವವರಿಗೆ ಸೂಜಿ ತೆಗೆದ ಜಾಗದಲ್ಲಿ ಒಂದೆರಡು ಹನಿ ರಕ್ತ ಹೆಚ್ಚು ಬರಬಹುದು, ಚರ್ಮ ಸ್ವಲ್ಪ ನೀಲಿಗಟ್ಟಬಹುದು. ಅಷ್ಟಕ್ಕೆ ಹೆದರಿ ಮಾತ್ರೆ ನಿಲ್ಲಿಸಿದರೆ ಹೃದಯಾಘಾತ, ಪಾರ್ಶ್ವವಾಯು ತಡೆಯಲೆಂದು ಕೊಟ್ಟ ರಕ್ಷಣೆಯೇ ಹೋಗುತ್ತದೆ. ನಿಲ್ಲಿಸಬೇಕೋ ಬೇಡವೋ ಎಂದು ಹೇಳಬೇಕಾದವರು ಅದನ್ನು ಬರೆದುಕೊಟ್ಟ ವೈದ್ಯರು ಮಾತ್ರ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳುವವರ ವಿಷಯ ಬೇರೆ. ಅವರು ಇತ್ತೀಚಿನ ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಪರೀಕ್ಷೆ) ವರದಿ ಒಯ್ಯಬೇಕು. ಅದು ವೈದ್ಯರು ಹೇಳಿದ ಮಿತಿ ದಾಟಿದ್ದರೆ ಆ ದಿನ ಸೂಜಿ ಬೇಡ.

ಇನ್ನು ಊಟ. ಹಸಿದವರಿಗೆ, ಮೊದಲ ಸಲ ಬಂದು ಹೆದರಿದವರಿಗೆ ಸೂಜಿ ಹಾಕಿದಾಗ ತಲೆ ಸುತ್ತುವುದು ಜಾಸ್ತಿ. ಶುಗರ್ ಮಾತ್ರೆ ನುಂಗಿ ತಿಂಡಿ ಬಿಟ್ಟರೆ, ಅದರಲ್ಲೂ ಗ್ಲಿಮಿಪಿರೈಡ್ ಅಥವಾ ಇನ್ಸುಲಿನ್ ಇದ್ದರೆ, ಶುಗರ್ ಇಳಿದುಬಿಡುತ್ತದೆ. ಬೆವರು, ಸುಸ್ತು, ಕಣ್ಣು ಮಂಜಾಗುವುದು ಎರಡರಲ್ಲೂ ಇರುವುದರಿಂದ ಸೂಜಿಯಿಂದ ಆದದ್ದೋ ಶುಗರ್ ಇಳಿದದ್ದೋ ಎಂದು ನೋಡಿ ಹೇಳಲಾಗದು. ಹೋಗುವ ಒಂದೂವರೆ ಗಂಟೆ ಮೊದಲು ಎರಡು ಮೂರು ಇಡ್ಲಿಯೋ ಉಪ್ಪಿಟ್ಟೋ ತಿನ್ನಿಸಿ, ಮಾತ್ರೆ ಎಂದಿನ ಹೊತ್ತಿಗೇ ಕೊಡಿ. ಗ್ಲುಕೋಮೀಟರ್ ಬ್ಯಾಗಿನಲ್ಲಿರಲಿ. 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಹಾ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ.

ಉಡುಪು ಮಂಡಿಯ ಮೇಲಿನವರೆಗೆ ಸರಾಗವಾಗಿ ಸರಿಯುವಂತಿರಲಿ. ಸೀರೆ, ನೈಟಿ, ಅಗಲ ಕಾಲಿನ ಪೈಜಾಮ ಸರಿ, ಲೆಗ್ಗಿಂಗ್ಸ್ ಬೇಡ. ಒಳಗೆ ಹೋಗುವ ಮುಂಚೆ ಮೂತ್ರ ವಿಸರ್ಜನೆ ಮುಗಿಸಿರಲಿ. ಅರ್ಧ ಗಂಟೆ ಕಾಲು ಅಲುಗಿಸದೆ ಮಲಗಬೇಕಾಗುತ್ತದೆ.

ಮೊದಲ ಭೇಟಿಗೆ ಒಂದು ಗಂಟೆ ಇಟ್ಟುಕೊಳ್ಳಿ. ಪೇಸ್‌ಮೇಕರ್, ಕೃತಕ ಹೃದಯ ಕವಾಟ, ಮಂಡಿಯ ಕೀಲು ಬದಲಾವಣೆ, ಸ್ತನದ ಶಸ್ತ್ರಚಿಕಿತ್ಸೆ ಆಗಿ ತೋಳು ಊದಿಕೊಂಡಿರುವುದು, ಕಾಲಿನಲ್ಲಿ ಹುಣ್ಣು, ಪಾದ ಜೋಮು: ಇವುಗಳಲ್ಲಿ ಯಾವುದಿದ್ದರೂ ಅವರು ಕೇಳದಿದ್ದರೂ ಹೇಳಿ. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ವಿದ್ಯುತ್ ತಂತಿ ಜೋಡಿಸುವ ವಿಧಾನ ಬೇಡ. ಊದಿದ ತೋಳಿಗೆ ಸೂಜಿಯೇ ಬೇಡ.

ಚಿಕಿತ್ಸೆ ಕೊಡುವವರ ಓದೇನು ಎಂದು ಕೇಳಲು ಸಂಕೋಚ ಬೇಡ. ನಮ್ಮಲ್ಲಿ ಐದೂವರೆ ವರ್ಷದ ಬಿಎನ್‌ವೈಎಸ್ ಓದಿದ ಪ್ರಕೃತಿ ಚಿಕಿತ್ಸಾ ವೈದ್ಯರಿಗೆ ಇದು ಪಠ್ಯದಲ್ಲೇ ಇರುತ್ತದೆ. ನಾಲ್ಕಾರು ದಿನದ ಶಿಬಿರ ಮುಗಿಸಿದವರೂ ಬೋರ್ಡು ಹಾಕಿಕೊಂಡಿದ್ದಾರೆ. ಯಾರೇ ಆಗಲಿ, “ಇಂಗ್ಲಿಷ್ ಔಷಧಿ ಎಲ್ಲ ಬಿಡಿ” ಎಂದರೆ ಅಲ್ಲಿಂದ ಎದ್ದು ಬನ್ನಿ.

ಸೂಜಿ ಪ್ಯಾಕೆಟ್ ನಿಮ್ಮ ಕಣ್ಣೆದುರು ಒಡೆಯಬೇಕು. ಅದರ ಮೇಲೆ ಅಳತೆ (0.25 x 40 ಎಂಬಂತೆ), ಸ್ಟೆರೈಲ್, ಒಮ್ಮೆ ಮಾತ್ರ ಬಳಕೆಗೆ, ಅವಧಿ ಮುಗಿಯುವ ದಿನಾಂಕ ಇರುತ್ತವೆ. ಮೊದಲ ಸಲ ಕೂರಿಸಿ ಹಾಕುವುದು ಬೇಡ, ಮಲಗಿಸಿ ಮಂಡಿಯ ಕೆಳಗೆ ದಿಂಬಿಟ್ಟು ಹಾಕಲಿ. ಸ್ಪಿರಿಟ್ ಒರೆಸಿ ಅದು ಆರುವವರೆಗೆ ಕಾಯದಿದ್ದರೆ ಚುರ್ ಎನ್ನುತ್ತದೆ. ಮಂಡಿಚಿಪ್ಪಿನ ಕೆಳಗಿನ ಎರಡು ಗುಳಿಗಳು, ಅಲ್ಲಿಂದ ನಾಲ್ಕು ಬೆರಳು ಕೆಳಗೆ ಮೊಣಕಾಲೆಲುಬಿನ ಹೊರಪಕ್ಕ, ಮಂಡಿಯ ಒಳಪಕ್ಕ, ತೊಡೆಯ ಕೆಳಭಾಗ, ಸಾಮಾನ್ಯವಾಗಿ ಇಲ್ಲೆಲ್ಲ ಹಾಕುತ್ತಾರೆ. ಚುಚ್ಚಿದಾಗ ಕ್ಷಣಕಾಲ ಚುರುಕು, ಆಮೇಲೆ ಭಾರ, ಜೋಮು, ಒಳಗೆಲ್ಲೋ ಹಿಂಡಿದಂಥ ನೋವು. ಇದು ನಿರೀಕ್ಷಿತವೇ. ಬೆಂಕಿ ತಾಗಿದ ಹಾಗೆ ಉರಿದರೆ, ಪಾದದವರೆಗೆ ಕರೆಂಟ್ ಹೊಡೆದಂತಾದರೆ ಸಹಿಸಿಕೊಂಡು ಮಲಗಬಾರದು. ಹೇಳಿದರೆ ಸೂಜಿ ಹಿಂದಕ್ಕೆ ಎಳೆಯುತ್ತಾರೆ.

ಮಂಡಿ ನೋವಿಗೆ ಸೂಜಿಯ ಜೊತೆ ಕೆಂಪು ಶಾಖದ ದೀಪ ಇಡುವ ರೂಢಿ ಹಲವು ಕಡೆ ಇದೆ. ಶುಗರ್ ಹಳೆಯದಾದರೆ ಕಾಲಿನ ಸ್ಪರ್ಶ ಕಡಿಮೆಯಾಗಿರುತ್ತದೆ. ಚರ್ಮ ಸುಡುತ್ತಿದ್ದರೂ “ಹಿತವಾಗಿದೆ” ಎನ್ನುತ್ತಾರೆ, ಮರುದಿನ ಬೊಬ್ಬೆ ಎದ್ದಿರುತ್ತದೆ, ಆ ಗಾಯ ವಾರಗಟ್ಟಲೆ ಮಾಯುವುದಿಲ್ಲ. ಅಮ್ಮನಿಗೆ ಪಾದ ಜೋಮು ಹಿಡಿಯುವುದಿದ್ದರೆ ದೀಪ ಬೇಡ ಎಂದೇಬಿಡಿ. ಇಲ್ಲದಿದ್ದರೂ ಐದು ನಿಮಿಷಕ್ಕೊಮ್ಮೆ ನಿಮ್ಮ ಅಂಗೈಯ ಹಿಂಬದಿಯನ್ನು ಅವರ ಮಂಡಿಯ ಮಟ್ಟದಲ್ಲಿ ಹಿಡಿದು ಬಿಸಿ ನೋಡಿ.

ಆಕಳಿಕೆ ಮೇಲಿಂದ ಮೇಲೆ ಬಂದು, ಮುಖ ಬಿಳಿಚಿ, ತಣ್ಣನೆ ಬೆವರು ಬಂದರೆ ತಕ್ಷಣ ಕೂಗಿ. ಸೂಜಿ ತೆಗೆದು ಕಾಲು ಎತ್ತರಿಸಿ ಮಲಗಿಸಿದರೆ ಕೆಲವು ನಿಮಿಷದಲ್ಲಿ ಸರಿಹೋಗುತ್ತದೆ. ಶುಗರ್ ಕೂಡ ನೋಡಿ.

ಸೂಜಿ ತೆಗೆದ ಮೇಲೆ ಹತ್ತಿಯಿಂದ ಒತ್ತಬೇಕು, ಉಜ್ಜಬಾರದು. ಎಕೋಸ್ಪ್ರಿನ್ ಇರುವುದರಿಂದ ಎರಡು ಮೂರು ನಿಮಿಷ ಒತ್ತಿ. ಹಾಕಿದ್ದೆಷ್ಟು, ತೆಗೆದದ್ದೆಷ್ಟು ಎಂದು ನೀವೂ ಎಣಿಸಿ. ಸೀರೆಯ ಮಡಿಕೆಯಡಿ ಒಂದು ಉಳಿದುಹೋಗುವುದು ನಿಜಕ್ಕೂ ಆಗುತ್ತದೆ. ಬಳಸಿದ ಸೂಜಿ ತೂತಾಗದ ಬಿಳಿ ಡಬ್ಬಿಗೆ ಬೀಳಬೇಕು, ಸಾಮಾನ್ಯ ಕಸದ ಬುಟ್ಟಿಗಲ್ಲ.

ಎದ್ದ ಕೂಡಲೇ ಹೊರಡಬೇಡಿ, ಹತ್ತು ನಿಮಿಷ ಕೂರಿಸಿ. ಹಲವರಿಗೆ ಮಂಪರು ಬರುತ್ತದೆ. ಸ್ವತಃ ಗಾಡಿ ಓಡಿಸಿಕೊಂಡು ಬರುವುದು ಬೇಡ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ರಕ್ತ ಜಿನುಗುವುದು ಅಥವಾ ನೀಲಿಗಟ್ಟುವುದು ಶೇ. 6.1 ಮಂದಿಗೆ, ನೋವು ಶೇ. 1.7 ಮಂದಿಗೆ ಕಂಡಿತ್ತು. ನೀಲಿ ಕಲೆ ಹಸಿರು, ಹಳದಿಯಾಗಿ ಒಂದೆರಡು ವಾರದಲ್ಲಿ ಹೋಗುತ್ತದೆ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಸ್ವಲ್ಪ ಹೊತ್ತು ಇಟ್ಟರೆ ಸಾಕು. ಮಂಡಿ ನೋವು ಒಂದೆರಡು ದಿನ ಸ್ವಲ್ಪ ಹೆಚ್ಚಾಗಿ ಆಮೇಲೆ ಇಳಿಯುವುದೂ ಉಂಟು. ಸಂಜೆ ಉಗುರುಬೆಚ್ಚಗಿನ ನೀರಿನ ಸ್ನಾನ ಮಾಡಬಹುದು. ಚುಚ್ಚಿದ ಜಾಗಕ್ಕೆ ಅಂದು ಎಣ್ಣೆ ಹಚ್ಚಿ ತಿಕ್ಕುವುದು ಬೇಡ.

ಹೆಚ್ಚಿನವರು ಎಡವುವುದು ನೋವು ಕಡಿಮೆಯಾದ ದಿನವೇ. ಹಗುರಾಯಿತೆಂದು ಅಂದೇ ದೇವಸ್ಥಾನದ ಮೆಟ್ಟಿಲು ಹತ್ತಿ, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡಿದರೆ ಮರುದಿನ ಮಂಡಿ ಊದುತ್ತದೆ, ಬೈಗುಳ ಸೂಜಿಗೆ. ಸವೆದ ಕೀಲು ಸವೆದೇ ಇದೆ, ಇಳಿದದ್ದು ನೋವು ಮಾತ್ರ. ಎರಡು ದಿನ ಎಂದಿನಷ್ಟೇ ಓಡಾಡಲಿ.

ಮಂಡಿ ಕೆಂಪಾಗಿ, ಬಿಸಿಯಾಗಿ ಊದಿ ಜ್ವರ ಬಂದರೆ ಅದು ಕೀಲಿಗೆ ಸೋಂಕಿರಬಹುದು. ಶುಗರ್ ಇರುವವರು ಅಂದೇ ಆಸ್ಪತ್ರೆಗೆ ಹೋಗಬೇಕು. ಪಾದ ಮೇಲೆತ್ತಲಾಗದೆ ಎಳೆದು ನಡೆದರೆ, ಜೋಮು ಮರುದಿನವೂ ಉಳಿದರೆ ಮಂಡಿಯ ಹೊರಪಕ್ಕದ ನರಕ್ಕೆ ಪೆಟ್ಟಾಗಿರಬಹುದು, ವೈದ್ಯರಿಗೆ ತೋರಿಸಿ. ಮುಂದೆ ಎಂದಾದರೂ ಭುಜಕ್ಕೋ ಬೆನ್ನಿಗೋ ಹಾಕಿಸಿಕೊಂಡ ಮೇಲೆ ಎದೆ ನೋವು, ಉಸಿರುಕಟ್ಟುವಿಕೆ ಬಂದರೆ, ಅದು ಕೆಲವು ಗಂಟೆ ತಡವಾಗಿ ಬಂದರೂ, ನೇರ ಕ್ಯಾಶುವಾಲಿಟಿಗೆ ಹೋಗಿ. ಅಪರೂಪಕ್ಕೆ ಸೂಜಿ ಶ್ವಾಸಕೋಶದ ಹೊರಪದರಕ್ಕೆ ತಾಗಿರುತ್ತದೆ.

ಫಲದ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಸವೆದ ಮಂಡಿಗೆ ಇದನ್ನು ಪ್ರಯತ್ನಿಸಬಹುದೆಂದು ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರಲ್ಲಿ ಷರತ್ತಿನೊಂದಿಗೆ ಹೇಳಿತು. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಬೇಡ ಎಂದಿತು. ಹಾಗಾಗಿ ಹಣ ಕಟ್ಟುವ ಮೊದಲೇ ಅಳತೆ ಇಟ್ಟುಕೊಳ್ಳಿ: ಹತ್ತರಲ್ಲಿ ನೋವೆಷ್ಟು, ಕೈ ಊರದೆ ಕುರ್ಚಿಯಿಂದ ಐದು ಸಲ ಏಳಲು ಎಷ್ಟು ಸೆಕೆಂಡು. ವಾರಕ್ಕೆ ಒಂದೋ ಎರಡೋ ಸಲದಂತೆ ಆರು ಸಲ ಆದ ಮೇಲೂ ಈ ಅಂಕಿ ಕದಲದಿದ್ದರೆ ನಿಲ್ಲಿಸಿ, ಇಪ್ಪತ್ತರ ಪ್ಯಾಕೇಜಿಗೆ ಮೊದಲೇ ಹಣ ಕೊಡಬೇಡಿ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನಂತೂ ಸೂಜಿ ಇರಲಿ ಬಿಡಲಿ ದಿನಾ ಮಾಡಿಸಿ.